ಬ್ರೊಕೊಲಿ: ಹಬೆಯಲ್ಲಿ ಬೇಯಿಸೋಣವೇ, ಕುದಿಸೋಣವೇ, ಹುರಿಯೋಣವೇ?

ಹಲವು ವರ್ಷ ನಾನು ಬ್ರೊಕೊಲಿಯನ್ನು ಒಂದೇ ರೀತಿ ಮಾಡುತ್ತಿದ್ದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುವುದು, ಹೂಗಳನ್ನು ಹಾಕುವುದು, ಹತ್ತು ನಿಮಿಷ ಬಿಡುವುದು, ನೀರು ಬಸಿದು ಚೆಲ್ಲುವುದು. ಒಂದು ದಿನ ಸಿಂಕಿನಲ್ಲಿ ಬೇರೆ ಪಾತ್ರೆಗಳಿದ್ದವು. ಹಾಗಾಗಿ ನೀರನ್ನು ಒಂದು ಬಿಳಿ ಬಟ್ಟಲಿಗೆ ಬಸಿದೆ. ನೀರು ತಿಳಿ ಹಸಿರಾಗಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ. ತಟ್ಟೆಯಲ್ಲಿದ್ದ ತರಕಾರಿಗಿಂತ ಆ ನೀರಿಗೇ ರುಚಿ ಜಾಸ್ತಿ ಇತ್ತು. ಒಳ್ಳೆಯದಕ್ಕೆ ಅಂತ ತಂದ ತರಕಾರಿಯ ಸಾರವನ್ನೆಲ್ಲ ಇಷ್ಟು ದಿನ ಚೆಲ್ಲುತ್ತಾ ಬಂದಿದ್ದೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಒಂದೊಂದೇ ವಿಧಾನ ಮಾಡಿ ನೋಡಿದೆ, ಓದಿಯೂ ತಿಳಿದುಕೊಂಡೆ. ಬ್ರೊಕೊಲಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಒಳ್ಳೆಯದರಲ್ಲಿ ಎಷ್ಟು ನಮ್ಮ ಹೊಟ್ಟೆಗೆ ಬರುತ್ತದೆ ಅನ್ನುವುದು ನಾವು ಅದನ್ನು ಹೇಗೆ ಕತ್ತರಿಸಿ, ಎಷ್ಟು ಹೊತ್ತು, ಎಷ್ಟು ನೀರಿನಲ್ಲಿ ಬೇಯಿಸುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಯಾವ ವಿಧಾನ ಯಾರಿಗೆ ಸರಿ ಅಂತ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದರೊಳಗೆ ಏನಿದೆ

ನಾವು ತಿನ್ನುವುದು ಇನ್ನೂ ಅರಳದ ಹೂವಿನ ಮೊಗ್ಗುಗಳನ್ನು. ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್ ಎಲ್ಲವೂ ಇದರ ಒಡಹುಟ್ಟಿದವು. ಸಸ್ಯಶಾಸ್ತ್ರದಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಬ್ರಾಸಿಕಾ ಒಲೆರೇಸಿಯಾ. ಒಂದೇ ಜಾತಿಯ ಗಿಡದಲ್ಲಿ ಎಲೆ ದಟ್ಟವಾಗಿದ್ದುದನ್ನು ಆರಿಸಿ ಬೆಳೆಸಿದಾಗ ಎಲೆಕೋಸು ಬಂತು, ಕಾಂಡ ಉಬ್ಬಿದ್ದನ್ನು ಆರಿಸಿದಾಗ ನವಿಲುಕೋಸು ಬಂತು, ಮೊಗ್ಗು ತುಂಬಿದ್ದನ್ನು ಆರಿಸಿದಾಗ ಬ್ರೊಕೊಲಿ ಬಂತು. ಹೆಸರು ಇಟಲಿಯ ಭಾಷೆಯದು.

ನೂರು ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 34 ಕ್ಯಾಲೊರಿ, 2.8 ಗ್ರಾಂ ಪ್ರೋಟೀನ್, 2.6 ಗ್ರಾಂ ನಾರು ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ನೀರೇ. ವಿಟಮಿನ್ ಸಿ ಸುಮಾರು 89 ಮಿಲಿಗ್ರಾಂ. ಒಬ್ಬ ವಯಸ್ಕರಿಗೆ ಒಂದು ದಿನಕ್ಕೆ ಬೇಕಾದಷ್ಟು ಹೆಚ್ಚು ಕಡಿಮೆ ಇದರಲ್ಲೇ ಸಿಕ್ಕಿತು. ವಿಟಮಿನ್ ಕೆ ಸುಮಾರು 100 ಮೈಕ್ರೋಗ್ರಾಂ, ಫೋಲೇಟ್ ಅನ್ನುವ ಬಿ ಗುಂಪಿನ ವಿಟಮಿನ್ ಸುಮಾರು 63 ಮೈಕ್ರೋಗ್ರಾಂ, ಪೊಟ್ಯಾಸಿಯಂ ಸುಮಾರು 316 ಮಿಲಿಗ್ರಾಂ. ಕಣ್ಣಿಗೆ ಒಳ್ಳೆಯದಾದ ಲ್ಯೂಟಿನ್ ಕೂಡ ಇದೆ.

ಈ ಪಟ್ಟಿಯನ್ನು ಸುಮ್ನೆ ಕೊಡುತ್ತಿಲ್ಲ. ಇದರಲ್ಲಿ ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ಇವು ನೀರಿನಲ್ಲಿ ಕರಗುತ್ತವೆ. ನೀರು ಚೆಲ್ಲಿದರೆ ಅವೂ ಹೋದವು. ವಿಟಮಿನ್ ಕೆ ಮತ್ತು ಲ್ಯೂಟಿನ್ ಕೊಬ್ಬಿನಲ್ಲಿ ಕರಗುತ್ತವೆ. ನೀರಿಗೆ ಅವು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಆದರೆ ಸ್ವಲ್ಪ ಎಣ್ಣೆಯೋ ಬೆಣ್ಣೆಯೋ ಜೊತೆಗಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತವೆ. ವಿಧಾನ ಆರಿಸುವಾಗ ಈ ಎರಡು ಗುಂಪು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ವಸ್ತು ಇದೆ, ಅದರ ಕಥೆಯೇ ಬೇರೆ.

ಕತ್ತರಿಸಿ ಸ್ವಲ್ಪ ಹೊತ್ತು ಬಿಡಿ

ಸಲ್ಫೊರಾಫೇನ್ ಅನ್ನುವ ಹೆಸರು ಕೇಳಿರಬಹುದು. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ಟಲಾಲೆ ಮತ್ತು ಅವರ ಜೊತೆಗಾರರು ಇದನ್ನು ಬ್ರೊಕೊಲಿಯಿಂದ ಬೇರ್ಪಡಿಸಿ ತೋರಿಸಿದರು. ನಮ್ಮ ಜೀವಕೋಶಗಳು ತಮಗೆ ಹಾನಿ ಮಾಡುವ ವಸ್ತುಗಳನ್ನು ಹೊರಹಾಕಲು ಕೆಲವು ಕಿಣ್ವಗಳನ್ನು ಬಳಸುತ್ತವೆ. ಆ ಕಿಣ್ವಗಳನ್ನು ಸಲ್ಫೊರಾಫೇನ್ ಚುರುಕುಗೊಳಿಸುತ್ತದೆ. ಅದಕ್ಕೇ ಇದರ ಮೇಲೆ ಇಷ್ಟು ಸಂಶೋಧನೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ರೊಕೊಲಿ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರಯೋಗಾಲಯದಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ ನಿಜ. ಇದು ಒಳ್ಳೆಯ ಊಟ, ಔಷಧಿಯಲ್ಲ. ಚಿಕಿತ್ಸೆ ನಡೆಯುತ್ತಿರುವವರು ಅದನ್ನು ಬಿಟ್ಟು ತರಕಾರಿಯನ್ನು ನೆಚ್ಚಿಕೊಳ್ಳುವುದು ತುಂಬಾ ಅಪಾಯ.

ಈಗ ಅಡುಗೆಗೆ ಬರೋಣ. ಇಡೀ ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ತಯಾರಾಗಿ ಕೂತಿರುವುದಿಲ್ಲ. ಅದರ ಮೂಲ ವಸ್ತು ಗ್ಲೂಕೊರಾಫನಿನ್ ಒಂದು ಕಡೆ, ಅದನ್ನು ಬದಲಾಯಿಸುವ ಮೈರೊಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಕತ್ತರಿಸಿದಾಗ, ಅಗಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಸಲ್ಫೊರಾಫೇನ್ ಹುಟ್ಟುತ್ತದೆ. ಆದರೆ ಈ ಕಿಣ್ವಕ್ಕೆ ಬಿಸಿ ಆಗಿ ಬರುವುದಿಲ್ಲ. ಕುದಿಯುವ ನೀರಿಗೆ ಇಡೀ ಹೂವನ್ನು ಹಾಕಿದರೆ, ಎರಡೂ ಸೇರುವ ಮೊದಲೇ ಅದು ಕೆಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಮೊದಲು ಕತ್ತರಿಸಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಾಗೇ ಬಿಡಿ, ಆಮೇಲೆ ಬೇಯಿಸಿ. ಸಲ್ಫೊರಾಫೇನ್ ಅಷ್ಟರಲ್ಲಿ ಆಗಿರುತ್ತದೆ, ಅದಕ್ಕೆ ಬಿಸಿ ತಡೆಯುವ ಶಕ್ತಿ ಕಿಣ್ವಕ್ಕಿಂತ ಜಾಸ್ತಿ. 2018ರಲ್ಲಿ ಚೀನಾದ ಸಂಶೋಧಕರು ಸಣ್ಣಗೆ ಹೆಚ್ಚಿದ ಬ್ರೊಕೊಲಿಯನ್ನು 90 ನಿಮಿಷ ಬಿಟ್ಟು ಹುರಿದು ನೋಡಿದರು. ಹೆಚ್ಚಿದ ತಕ್ಷಣ ಹುರಿದದ್ದಕ್ಕಿಂತ ಸುಮಾರು 2.8 ಪಟ್ಟು ಸಲ್ಫೊರಾಫೇನ್ ಸಿಕ್ಕಿತು. ಒಂದೂವರೆ ಗಂಟೆ ಕಾಯಲು ಯಾರಿಗೆ ಪುರುಸೊತ್ತಿದೆ? ನಾನು ಅಡುಗೆ ಶುರು ಮಾಡುವಾಗ ಎಲ್ಲಕ್ಕಿಂತ ಮೊದಲು ಬ್ರೊಕೊಲಿ ಹೆಚ್ಚಿಟ್ಟು, ಕೊನೆಗೆ ಒಲೆಯ ಮೇಲಿಡುತ್ತೇನೆ. ಅಷ್ಟರಲ್ಲಿ ಅರ್ಧ ಗಂಟೆ ತಾನಾಗಿ ಆಗಿರುತ್ತದೆ.

ಕಾಯಲು ಆಗಲೇ ಇಲ್ಲ ಅಂದರೆ ಸಾಸಿವೆ ಇದೆ. ಸಾಸಿವೆಯಲ್ಲೂ ಇದೇ ಕಿಣ್ವ ಇರುತ್ತದೆ. ಬೆಂದ ಬ್ರೊಕೊಲಿಯ ಮೇಲೆ ಹಸಿ ಸಾಸಿವೆ ಪುಡಿಯನ್ನು ಚಿಟಿಕೆ ಉದುರಿಸಿದರೆ ನಿಂತ ಕೆಲಸ ಮತ್ತೆ ಶುರುವಾಗುತ್ತದೆ. 2018ರಲ್ಲೇ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ 200 ಗ್ರಾಂ ಬೇಯಿಸಿದ ಬ್ರೊಕೊಲಿಗೆ 1 ಗ್ರಾಂ ಸಾಸಿವೆ ಪುಡಿ ಸೇರಿಸಿ ಜನರಿಗೆ ಕೊಟ್ಟರು. ಮೈಗೆ ಸಿಕ್ಕ ಸಲ್ಫೊರಾಫೇನ್ ನಾಲ್ಕು ಪಟ್ಟಿಗಿಂತ ಹೆಚ್ಚಾಯಿತು. ಕಾದ ಎಣ್ಣೆಯಲ್ಲಿ ಸಿಡಿಸಿದ ಸಾಸಿವೆ ಈ ಕೆಲಸಕ್ಕೆ ಬಾರದು, ಅದರ ಕಿಣ್ವ ಎಣ್ಣೆಯಲ್ಲೇ ಹೋಗಿರುತ್ತದೆ. ಪುಡಿ ಹಸಿಯಾಗಿರಬೇಕು, ಒಲೆ ಆರಿಸಿದ ಮೇಲೆ ಹಾಕಬೇಕು.

ಹಬೆ

ಒಂದೇ ವಿಧಾನ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. 2009ರಲ್ಲಿ ಚೀನಾದಲ್ಲಿ ಬ್ರೊಕೊಲಿಯನ್ನು ಐದು ಬಗೆಯಲ್ಲಿ ಬೇಯಿಸಿ ಹೋಲಿಸಿದ್ದರು. ಹಬೆಯೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ವಿಟಮಿನ್ ಸಿ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ, ತರಕಾರಿ ನೀರಿನಲ್ಲಿ ಮುಳುಗುವುದಿಲ್ಲ, ಕರಗಿ ಹೋಗಲು ದಾರಿ ಇಲ್ಲ.

ಪಾತ್ರೆಯ ತಳದಲ್ಲಿ ಎರಡು ಬೆರಳಷ್ಟು ನೀರು, ಅದರ ಮೇಲೆ ತೂತಿನ ತಟ್ಟೆ. ನೀರು ತರಕಾರಿಗೆ ತಾಗಬಾರದು. ನೀರು ಚೆನ್ನಾಗಿ ಕುದಿದು ಹಬೆ ಏಳಲು ಶುರುವಾದ ಮೇಲೆಯೇ ಹೂಗಳನ್ನು ಇಡಬೇಕು. ತಣ್ಣೀರಿನ ಮೇಲೆ ಇಟ್ಟು ಒಲೆ ಹಚ್ಚಿದರೆ ಎಷ್ಟು ಹೊತ್ತು ಬೆಂದಿತು ಅಂತ ಲೆಕ್ಕ ಸಿಗುವುದಿಲ್ಲ. ಮುಚ್ಚಳ ಮುಚ್ಚಿ ಮೂರು ನಿಮಿಷ. ಹೂ ದೊಡ್ಡದಿದ್ದರೆ ನಾಲ್ಕು.

ಮುಚ್ಚಳ ತೆಗೆದಾಗ ಬಣ್ಣ ನೋಡಿ. ಹಸಿ ಇದ್ದಾಗ ಮಬ್ಬಾಗಿದ್ದ ಹಸಿರು ಈಗ ಮಳೆ ಬಿದ್ದ ಹುಲ್ಲಿನ ಹಾಗೆ ಹೊಳೆಯುತ್ತದೆ. ಜೀವಕೋಶಗಳ ನಡುವೆ ಇದ್ದ ಗಾಳಿ ಬಿಸಿಗೆ ಹೊರಟುಹೋಗಿ ಒಳಗಿನ ಹಸಿರು ಕಣ್ಣಿಗೆ ನೇರವಾಗಿ ಕಾಣುವುದರಿಂದ ಹೀಗಾಗುತ್ತದೆ. ಇದೇ ಇಳಿಸುವ ಗಳಿಗೆ. ದಂಟಿಗೆ ಚಾಕುವಿನ ತುದಿ ಚುಚ್ಚಿದರೆ ಒಳಗೆ ಇಳಿಯಬೇಕು, ಆದರೆ ಕೊನೆಯಲ್ಲಿ ಒಂದಿಷ್ಟು ಬಿಗಿ ಸಿಗಬೇಕು. ಇನ್ನೂ ನಾಲ್ಕೈದು ನಿಮಿಷ ಬಿಟ್ಟರೆ ತರಕಾರಿಯದೇ ಹುಳಿ ಅಂಶ ಹಸಿರಿನೊಳಗಿನ ಮೆಗ್ನೀಸಿಯಂ ಅನ್ನು ಕಿತ್ತುಹಾಕಿ, ಬಣ್ಣ ಒಣ ಎಲೆಯ ಕಡೆಗೆ ತಿರುಗುತ್ತದೆ. ಅದೇ ಹೊತ್ತಿಗೆ ಗಂಧಕದ ವಾಸನೆ ಅಡುಗೆಮನೆ ತುಂಬುತ್ತದೆ. ಬ್ರೊಕೊಲಿ ಅಂದರೆ ಮೂಗು ಮುರಿಯುವವರಲ್ಲಿ ಬಹಳ ಜನ ತಿಂದಿರುವುದು ಈ ಅತಿಯಾಗಿ ಬೆಂದದ್ದನ್ನೇ ಅಂತ ನನ್ನ ಅನಿಸಿಕೆ.

ಇಳಿಸಿದ ತಕ್ಷಣ ಅಗಲ ತಟ್ಟೆಗೆ ಹರಡಿ. ಮುಚ್ಚಿಟ್ಟರೆ ತನ್ನ ಬಿಸಿಯಲ್ಲೇ ಬೇಯುತ್ತಾ ಹೋಗುತ್ತದೆ. ಮೇಲೆ ಒಂದು ಚಮಚ ಎಣ್ಣೆ, ಉಪ್ಪು, ಕಾಳುಮೆಣಸು. ನಿಂಬೆರಸ ಬೇಕಿದ್ದರೆ ತಟ್ಟೆಗೆ ಹಾಕಿಕೊಂಡ ಮೇಲೆ ಹಿಂಡಿ, ಮೊದಲೇ ಹಿಂಡಿಟ್ಟರೆ ಬಣ್ಣ ಕೆಡುತ್ತದೆ.

ಹಬೆಯ ಒಂದು ಕೊರತೆ ಹೇಳಲೇಬೇಕು. ಹೊಸ ರುಚಿ ಏನೂ ಸೇರುವುದಿಲ್ಲ. ಇದ್ದ ರುಚಿ ಹಾಗೇ ಇರುತ್ತದೆ. ಬ್ರೊಕೊಲಿ ಈಗಾಗಲೇ ಇಷ್ಟ ಇರುವವರಿಗೆ ಅದು ಹಬ್ಬ, ಇಲ್ಲದವರಿಗೆ ಸಪ್ಪೆ.

ನೀರಿನಲ್ಲಿ ಕುದಿಸುವುದು

ನಷ್ಟ ಜಾಸ್ತಿ ಇರುವುದು ಇಲ್ಲೇ. ಕುದಿಸಿ ಬಸಿದರೆ ಫೋಲೇಟ್ ಅರ್ಧಕ್ಕಿಂತ ಹೆಚ್ಚು ಹೋಗಬಹುದು, ವಿಟಮಿನ್ ಸಿ ಕೂಡ ಅದೇ ದಾರಿ ಹಿಡಿಯುತ್ತದೆ. ಹಸಿರು ಉಳಿಯಲಿ ಅಂತ ಕೆಲವರು ನೀರಿಗೆ ಅಡುಗೆ ಸೋಡಾ ಹಾಕುತ್ತಾರೆ. ದಯವಿಟ್ಟು ಬೇಡ. ಬಣ್ಣ ಉಳಿಯುತ್ತದೆ ನಿಜ, ಆದರೆ ವಿಟಮಿನ್ ಸಿ ಇನ್ನೂ ಬೇಗ ಹಾಳಾಗುತ್ತದೆ, ತರಕಾರಿ ಲೋಳೆ ಲೋಳೆಯಾಗುತ್ತದೆ.

ಆದರೂ ಕುದಿಸುವುದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮೂತ್ರಪಿಂಡದ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ವೈದ್ಯರು ಹೇಳಿದ್ದರೆ, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲುವುದೇ ಸರಿಯಾದ ವಿಧಾನ. ಉಳಿದವರಿಗೆ ನಷ್ಟವಾದದ್ದು ಇವರಿಗೆ ಬೇಕಾದದ್ದು. ಎಷ್ಟು ತಿನ್ನಬಹುದು ಅನ್ನುವುದನ್ನು ಮಾತ್ರ ವೈದ್ಯರ ಹತ್ತಿರವೇ ಕೇಳಿ.

ಸೂಪ್ ಮಾಡುವವರೂ ಧಾರಾಳವಾಗಿ ಕುದಿಸಬಹುದು, ಏಕೆಂದರೆ ನೀರು ಎಲ್ಲೂ ಹೋಗುವುದಿಲ್ಲ, ಬಟ್ಟಲಿಗೇ ಬರುತ್ತದೆ. ಪ್ರೆಷರ್ ಕುಕ್ಕರ್ ಸೂಪಿಗೆ ಮಾತ್ರ ಇಟ್ಟುಕೊಳ್ಳಿ. ಒಂದು ಸೀಟಿ ಬರುವಷ್ಟರಲ್ಲಿ ಹೂಗಳು ಮುದ್ದೆಯಾಗಿರುತ್ತವೆ.

ಮೈಕ್ರೋವೇವ್

ಇದರ ಮೇಲೆ ಬಹಳ ಜನಕ್ಕೆ ಸಂಶಯ. ಮೈಕ್ರೋವೇವ್ ಪೋಷಕಾಂಶ ಕೊಲ್ಲುತ್ತದೆ ಅನ್ನುವ ಮಾತು ಆಗಾಗ ಕೇಳುತ್ತೇವೆ. ಕೆಟ್ಟ ಹೆಸರು ತಂದದ್ದು ಹೆಚ್ಚಾಗಿ ನೀರು. ಬಟ್ಟಲು ತುಂಬ ನೀರು ಹಾಕಿ ಇಟ್ಟರೆ ಅದೂ ಕುದಿಸಿದಂತೆಯೇ ಅಲ್ವಾ? ಎರಡು ಮೂರು ಚಮಚ ನೀರು ಮಾತ್ರ ಚಿಮುಕಿಸಿ, ಗಾಜಿನ ಬಟ್ಟಲಿಗೆ ತಟ್ಟೆ ಮುಚ್ಚಿ, ಎರಡರಿಂದ ಮೂರು ನಿಮಿಷ ಇಟ್ಟರೆ ಅದು ಹಬೆಗೆ ತೀರಾ ಹತ್ತಿರ. ಒಬ್ಬರಿಗೆ ಸಾಕಾಗುವಷ್ಟು ಬೇಯಿಸಲು ಇದಕ್ಕಿಂತ ಬೇಗದ ದಾರಿ ಇಲ್ಲ. ತಟ್ಟೆ ತೆಗೆಯುವಾಗ ಮುಖ ಹಿಂದಿಟ್ಟುಕೊಳ್ಳಿ, ಬಿಸಿ ಹಬೆ ಒಮ್ಮೆಲೇ ನುಗ್ಗುತ್ತದೆ.

ಬಾಣಲೆಯಲ್ಲಿ ಹುರಿಯುವುದು

ರುಚಿ ಮತ್ತು ಆರೋಗ್ಯ ಎರಡನ್ನೂ ಒಂದಿಷ್ಟು ಸರಿತೂಗಿಸುವ ವಿಧಾನ ಇದು. ಎಣ್ಣೆ ಇರುವುದರಿಂದ ವಿಟಮಿನ್ ಕೆ, ಲ್ಯೂಟಿನ್ ಮೈಗೆ ಚೆನ್ನಾಗಿ ಹತ್ತುತ್ತವೆ. ನೀರು ಚೆಲ್ಲುವ ಮಾತೇ ಇಲ್ಲ. ಆದರೆ ಬಾಣಲೆಯ ಬಿಸಿ ಜೋರು, ಹೊತ್ತು ಹೆಚ್ಚಾದರೆ ವಿಟಮಿನ್ ಸಿ ಬೇಗ ಇಳಿಯುತ್ತದೆ. ಆ 2009ರ ಹೋಲಿಕೆಯಲ್ಲೂ ಹುರಿದದ್ದು ಚೆನ್ನಾಗಿ ಅಂಕ ಪಡೆದಿರಲಿಲ್ಲ.

ಹಾಗಾಗಿ ಬೇಗ ಮುಗಿಸಬೇಕು. ಹೂಗಳನ್ನು ಹೆಬ್ಬೆರಳಿನ ಗಾತ್ರಕ್ಕೆ ಬಿಡಿಸಿ. ತೊಳೆದ ನೀರನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೆವೆಯುತ್ತದೆ ಅಷ್ಟೆ. ಎಣ್ಣೆ ಕಾದ ಮೇಲೆ ದೊಡ್ಡ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಆಮೇಲೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಒಂದು ನಿಮಿಷ. ದಂಟು ಬೇಯುವುದು ಈ ಒಂದು ನಿಮಿಷದಲ್ಲೇ. ಬೆಳ್ಳುಳ್ಳಿ ಹಾಕುವುದಾದರೆ ಮುಚ್ಚಳ ತೆಗೆದ ಮೇಲೆ ಹಾಕಿ. ಮೊದಲೇ ಹಾಕಿದರೆ ದೊಡ್ಡ ಉರಿಗೆ ಸೀದು ಕಹಿಯಾಗುತ್ತದೆ.

ಕೊಬ್ಬರಿ ತುರಿದ ಹಾಗೆ ಸಣ್ಣಗೆ ಹೆಚ್ಚಿ ಹುರಿಯುವುದೂ ಒಂದು ದಾರಿ. ಜೀವಕೋಶ ಹೆಚ್ಚು ಒಡೆಯುತ್ತದೆ, ಸಲ್ಫೊರಾಫೇನ್ ಹೆಚ್ಚು ಹುಟ್ಟುತ್ತದೆ, ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ಮೊಟ್ಟೆಯ ಜೊತೆಗೋ ಅನ್ನದ ಜೊತೆಗೋ ಕಲಸಿದರೆ ಮಕ್ಕಳು ಆರಿಸಿ ಪಕ್ಕಕ್ಕಿಡಲೂ ಆಗುವುದಿಲ್ಲ.

ಓವನ್ ಮತ್ತು ಏರ್ ಫ್ರೈಯರ್

ಕಹಿ ಅನ್ನಿಸುವವರಿಗೆ ಇದು. ಅವರು ಸುಮ್ನೆ ನಾಟಕ ಮಾಡುತ್ತಿಲ್ಲ. ಕೋಸಿನ ಜಾತಿಯ ತರಕಾರಿಗಳ ಕಹಿ ಗುರುತಿಸುವ ಒಂದು ಜೀನ್ ಇದೆ, ಅದರ ಹೆಸರು ಟಿಎಎಸ್2ಆರ್38. ಅದರ ಒಂದು ಬಗೆ ಇರುವವರ ನಾಲಿಗೆಗೆ ನಮಗೆ ತಿಳಿಯದ ಕಹಿ ಜೋರಾಗಿ ತಿಳಿಯುತ್ತದೆ. ಮನೆಯಲ್ಲಿ ಒಂದು ಮಗು ಖುಷಿಯಿಂದ ತಿಂದು ಇನ್ನೊಂದು ಮುಖ ತಿರುಗಿಸಿದರೆ ಬೈಯಬೇಡಿ.

ಓವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಹೂಗಳನ್ನು ಉದ್ದಕ್ಕೆ ಸೀಳಿ, ಒಣಗಿಸಿ, ಎಣ್ಣೆ ಉಪ್ಪು ಸವರಿ, ಸೀಳಿದ ಬದಿ ತಟ್ಟೆಗೆ ತಾಗುವಂತೆ ಇಡಿ. ಒಂದಕ್ಕೊಂದು ಅಂಟಿಸಿ ತುಂಬಬೇಡಿ. ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಮೊಗ್ಗಿನ ತುದಿಗಳು ಕಂದಾಗಿ ಗರಿಗರಿ ಆಗುತ್ತವೆ, ದಂಟಿಗೆ ಸಿಹಿ ಬರುತ್ತದೆ, ಕಹಿ ಹಿಂದೆ ಸರಿಯುತ್ತದೆ. ಏರ್ ಫ್ರೈಯರ್‌ನಲ್ಲಾದರೆ 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಸಾಕು. ತುದಿ ಕಂದಾಗಲಿ, ಕಪ್ಪಾಗುವುದು ಬೇಡ.

ಇಷ್ಟು ಬಿಸಿಯಲ್ಲಿ ಕಿಣ್ವ ಉಳಿಯುವುದಿಲ್ಲ, ವಿಟಮಿನ್ ಸಿ ಕೂಡ ಒಂದಿಷ್ಟು ಹೋಗುತ್ತದೆ. ನಾರು, ಖನಿಜ, ವಿಟಮಿನ್ ಕೆ ಎಲ್ಲ ಇರುತ್ತವೆ. ಕೊನೆಗೆ ಆ ಸಾಸಿವೆ ಪುಡಿ ಉದುರಿಸಿದರೆ ಆಯಿತು. ಹಬೆಯಲ್ಲಿ ಮಾಡಿ ತಟ್ಟೆಯಲ್ಲೇ ಉಳಿಯುವುದಕ್ಕಿಂತ, ಹೀಗೆ ಮಾಡಿ ಎರಡನೇ ಸಲ ಕೇಳಿ ಹಾಕಿಸಿಕೊಂಡರೆ ಅದೇ ಒಳ್ಳೆಯದಲ್ವಾ? ನಮ್ಮ ಮನೆಯಲ್ಲಿ ಬ್ರೊಕೊಲಿ ಮುಟ್ಟದಿದ್ದವರನ್ನು ಒಲಿಸಿದ್ದು ಓವನ್ನೇ.

ಹಸಿಯಾಗಿ

ಸಲ್ಫೊರಾಫೇನ್ ಒಂದನ್ನೇ ನೋಡಿದರೆ ಹಸಿಯದೇ ಗೆಲುವು. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹಸಿ ತಿಂದವರ ಮೈಗೆ ಅದು ಸುಮಾರು ಶೇ. 37ರಷ್ಟು ಸಿಕ್ಕಿತು, ಬೇಯಿಸಿ ತಿಂದವರಿಗೆ ಸುಮಾರು ಶೇ. 3.4. ಆದರೆ ಅಂಥದ್ದನ್ನು ಬಟ್ಟಲು ತುಂಬ ತಿನ್ನಲು ಎಷ್ಟು ಜನಕ್ಕೆ ಆಗುತ್ತದೆ? ಹೊಟ್ಟೆ ಉಬ್ಬರ ಇರುವವರಿಗೆ ಗಾಳಿ ತುಂಬುತ್ತದೆ. ರ‍್ಯಾಫಿನೋಸ್ ಅನ್ನುವ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುವುದರಿಂದ ಹೀಗಾಗುತ್ತದೆ. ಸಲಾಡಿಗೆ ಒಂದು ಹಿಡಿಯಷ್ಟು ಸಣ್ಣಗೆ ಹೆಚ್ಚಿ ಸೇರಿಸಿ, ಚೆನ್ನಾಗಿ ಅಗಿದು ತಿನ್ನಿ. ಹಲ್ಲು ಗಟ್ಟಿಯಿಲ್ಲದವರಿಗೆ, ಪುಟ್ಟ ಮಕ್ಕಳಿಗೆ ಹಸಿಯದು ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರಿಗೆ ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಮೆತ್ತಗೆ ಹಬೆಯಲ್ಲಿ ಬೇಯಿಸಿ.

ತಾಜಾ, ಫ್ರೋಜನ್, ಮೊಳಕೆ

ತಾಜಾ ಕೊಳ್ಳುವಾಗ ಮೊಗ್ಗು ನೋಡಿ. ಸಾಸಿವೆ ಕಾಳಿಗಿಂತ ಸಣ್ಣಗೆ, ಬಿಗಿಯಾಗಿ, ಕಡು ಹಸಿರಾಗಿರಬೇಕು. ಒಂದಿಷ್ಟು ನೀಲಿ ಛಾಯೆ ಇದ್ದರೂ ಒಳ್ಳೆಯದೇ. ಹಳದಿ ಕಂಡರೆ ಮೊಗ್ಗು ಅರಳಲು ಹೊರಟಿದೆ ಅಂತ ಅರ್ಥ. ದಂಟಿನ ಬುಡ ಒದ್ದೆಯಾಗಿರಬೇಕು, ಒಣಗಿ ಬಿರಿದಿರಬಾರದು. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು.

ಬ್ರೊಕೊಲಿ ಕೊಯ್ದ ಮೇಲೂ ಜೋರಾಗಿ ಉಸಿರಾಡುತ್ತದೆ. ಹೊರಗೆ ಇಟ್ಟರೆ ಎರಡು ಮೂರು ದಿನದಲ್ಲೇ ಹಳದಿಯಾಗುತ್ತದೆ. ತೊಳೆಯದೆ, ಗಾಳಿಯಾಡುವ ಚೀಲದಲ್ಲಿ ಫ್ರಿಜ್ಜಿಗಿಡಿ, ನಾಲ್ಕೈದು ದಿನದಲ್ಲಿ ಮುಗಿಸಿ. ಬಾಳೆಹಣ್ಣು, ಸೇಬಿನ ಹತ್ತಿರ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಇದು ಇನ್ನೂ ಬೇಗ ಹಳದಿಯಾಗುತ್ತದೆ.

ಬಳಸುವ ದಿನ ದೊಡ್ಡ ಹೂಗಳಾಗಿ ಬಿಡಿಸಿ, ಉಪ್ಪು ನೀರಿನಲ್ಲಿ ತಲೆ ಕೆಳಗಾಗಿ ಹತ್ತು ನಿಮಿಷ ಮುಳುಗಿಸಿಡಿ. ಇದನ್ನು ಬಿಡಬೇಡಿ. ಮೊಗ್ಗಿನ ಬಣ್ಣದ್ದೇ ಸಣ್ಣ ಹಸಿರು ಹುಳು ಒಳಗೆ ಅಂಟಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಉಪ್ಪು ನೀರಿಗೆ ಬಿದ್ದರೆ ಹೊರಬರುತ್ತದೆ. ಆಮೇಲೆ ಒಳ್ಳೆ ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚುವುದು ಕೊನೆಯ ಕೆಲಸ. ಹೆಚ್ಚಿದ ಮೇಲೆ ನೆನೆಸಿದರೆ ಮತ್ತೆ ಅದೇ ನಷ್ಟ.

ಫ್ರೋಜನ್ ಕೀಳು ಅಂತ ಅಂದುಕೊಳ್ಳಬೇಡಿ. ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದರಿಂದ ವಿಟಮಿನ್‌ಗಳು ಚೆನ್ನಾಗಿ ಉಳಿದಿರುತ್ತವೆ. ಫ್ರಿಜ್ಜಿನಲ್ಲಿ ವಾರ ಕಳೆದ ತಾಜಾಕ್ಕಿಂತ ಎಷ್ಟೋ ವಾಸಿ. ಆದರೆ ಹೆಪ್ಪುಗಟ್ಟಿಸುವ ಮೊದಲು ಬಿಸಿ ನೀರಿನಲ್ಲೋ ಹಬೆಯಲ್ಲೋ ಒಂದು ಸಲ ಬೇಯಿಸಿರುತ್ತಾರೆ, ಆಗ ಮೈರೊಸಿನೇಸ್ ಕಿಣ್ವ ಹೋಗಿಬಿಡುತ್ತದೆ. ಹೆಚ್ಚಿಟ್ಟು ಕಾದರೂ ಪ್ರಯೋಜನವಿಲ್ಲ. ಇಲ್ಲಿ ಸಾಸಿವೆ ಪುಡಿ ಬೇಕೇ ಬೇಕು. ಹಸಿ ಮೂಲಂಗಿ ತುರಿದು ಹಾಕಿದರೂ ಆಗುತ್ತದೆ. ಕರಗಿಸಲು ಹೋಗಬೇಡಿ, ಗಟ್ಟಿ ಇರುವಾಗಲೇ ಬಿಸಿ ಬಾಣಲೆಗೋ ಓವನ್ನಿಗೋ ಹಾಕಿ.

ಇನ್ನು ಮೊಳಕೆ. 1997ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಅದೇ ತಂಡ ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಬೆಳೆದ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಗ್ಲೂಕೊರಾಫನಿನ್ ಇದೆ ಅಂತ ತೋರಿಸಿತು. ಒಂದು ಚಿಕ್ಕ ಹಿಡಿ ಸಾಕು. ಹಾಗಂತ ತರಕಾರಿಯ ಬದಲಿಗೆ ಇದು ಅಂತ ನಾನು ಹೇಳಲಾರೆ, ಅಷ್ಟು ಸ್ವಲ್ಪದರಲ್ಲಿ ನಾರು, ಖನಿಜ ಸಿಗುವುದಿಲ್ಲ. ಮೊಳಕೆ ಬರಿಸುವ ಬೆಚ್ಚನೆ ಒದ್ದೆ ಜಾಗದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೊಳಕೆಯಿಂದ ದೂರ ಇರುವುದೇ ಲೇಸು.

ಬ್ರೊಕೊಲಿಯೇ ಆಗಬೇಕಾ?

ಆಗಬೇಕೆಂದೇನಿಲ್ಲ. ನೂರು ಗ್ರಾಂ ಹೂಕೋಸಿನಲ್ಲಿ ವಿಟಮಿನ್ ಸಿ ಸುಮಾರು 48 ಮಿಲಿಗ್ರಾಂ, ಎಲೆಕೋಸಿನಲ್ಲಿ ಸುಮಾರು 37. ಬ್ರೊಕೊಲಿಗಿಂತ ಕಡಿಮೆಯೇ, ಆದರೆ ಅವೂ ಒಳ್ಳೆಯ ತರಕಾರಿಗಳು. ಕಬ್ಬಿಣ, ಫೋಲೇಟ್, ವಿಟಮಿನ್ ಕೆ ಲೆಕ್ಕದಲ್ಲಿ ಪಾಲಕ್ ಸೊಪ್ಪೇ ಮುಂದೆ. ಕ್ಯಾಲ್ಸಿಯಂ ವಿಚಾರದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಅನ್ನುವ ವಸ್ತು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಶೇ. 5ರಷ್ಟು ಮಾತ್ರ ಮೈಗೆ ಸೇರುತ್ತದೆ. ಬ್ರೊಕೊಲಿಯದು ಶೇ. 60ರ ಆಸುಪಾಸು ಸೇರುತ್ತದೆ, ಹಾಲಿಗಿಂತಲೂ ಹೆಚ್ಚಿನ ಪಾಲು. ಆದರೆ ನೂರು ಗ್ರಾಂನಲ್ಲಿ ಇರುವುದೇ 47 ಮಿಲಿಗ್ರಾಂ, ಹಾಗಾಗಿ ಇದೊಂದನ್ನೇ ನಂಬಿಕೊಳ್ಳಲಾಗದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದು ಪಾಲಕ್ ಬೇಡ ಅನ್ನಿಸಿಕೊಂಡವರಿಗೆ ಬ್ರೊಕೊಲಿ ಒಳ್ಳೆಯ ಬದಲಿ.

ಕಬ್ಬಿಣಕ್ಕಾಗಿ ಬ್ರೊಕೊಲಿ ತಿನ್ನುವವರಿದ್ದಾರೆ. ಇದರಲ್ಲಿ ಅದು ಕಡಿಮೆ. ಆದರೆ ಕಾಳುಗಳ ಜೊತೆ ತಿಂದರೆ ಇದರ ವಿಟಮಿನ್ ಸಿ ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಯಾರು ಸ್ವಲ್ಪ ನೋಡಿಕೊಂಡು ತಿನ್ನಬೇಕು

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಮುಖ್ಯವಾಗಿ. ವಿಟಮಿನ್ ಕೆ ಆ ಔಷಧಿಯ ಎದುರು ಕೆಲಸ ಮಾಡುತ್ತದೆ. ಪೂರ್ತಿ ಬಿಡಬೇಕಿಲ್ಲ, ಆದರೆ ಒಂದು ವಾರ ದಿನವೂ ತಿಂದು ಇನ್ನೊಂದು ವಾರ ಮುಟ್ಟದೇ ಇರುವುದು ಸರಿಯಲ್ಲ. ಪ್ರತಿ ವಾರ ಹೆಚ್ಚು ಕಡಿಮೆ ಒಂದೇ ಪ್ರಮಾಣ ಇರಲಿ, ವೈದ್ಯರಿಗೆ ತಿಳಿಸಿರಿ.

ಥೈರಾಯ್ಡ್ ಇದೆ, ಕೋಸು ಬ್ರೊಕೊಲಿ ಮುಟ್ಟಲೇಬಾರದು ಅನ್ನುವ ಭಯ ಬಹಳ ಜನಕ್ಕಿದೆ. ಊಟದಲ್ಲಿ ಸಾಮಾನ್ಯವಾಗಿ ತಿನ್ನುವಷ್ಟು, ಬೇಯಿಸಿ ತಿಂದರೆ, ಅಯೋಡಿನ್ ಕೊರತೆ ಇಲ್ಲದವರಿಗೆ ತೊಂದರೆ ಆಗುವ ಸಂಭವ ಕಡಿಮೆ. ದಿನವೂ ಹಸಿಯದನ್ನು ರಸ ಮಾಡಿ ಲೋಟಗಟ್ಟಲೆ ಕುಡಿಯುವುದು ಬೇಡ.

ದಂಟು ಎಸೆಯುವ ಮೊದಲು

ಬ್ರೊಕೊಲಿಯ ತೂಕದಲ್ಲಿ ದೊಡ್ಡ ಪಾಲು ದಂಟಿನದು, ಆದರೂ ಅದನ್ನು ಕತ್ತರಿಸಿ ಬುಟ್ಟಿಗೆ ಹಾಕುವವರೇ ಹೆಚ್ಚು. ಹೊರಗಿನ ದಪ್ಪ ಸಿಪ್ಪೆಯಲ್ಲಿ ಮಾತ್ರ ಗಟ್ಟಿ ನಾರಿರುತ್ತದೆ. ಬುಡದಲ್ಲಿ ಚಾಕು ಸಿಕ್ಕಿಸಿ ಮೇಲಕ್ಕೆ ಎಳೆದರೆ ಕಬ್ಬಿನ ಸಿಪ್ಪೆಯ ಹಾಗೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಒಳಗೆ ತಿಳಿ ಹಸಿರಿನ, ನೀರು ತುಂಬಿದ ತಿರುಳು. ಹಸಿಯಾಗಿ ಕಚ್ಚಿದರೆ ಎಳೆ ನವಿಲುಕೋಸಿನ ರುಚಿ, ಸ್ವಲ್ಪ ಸಿಹಿ. ಬಿಲ್ಲೆಗಳಾಗಿ ಹೆಚ್ಚಿ ಹೂಗಳಿಗಿಂತ ಒಂದು ನಿಮಿಷ ಮೊದಲು ಹಬೆಗೆ ಹಾಕಿದರೆ ಎರಡೂ ಒಟ್ಟಿಗೆ ಬೇಯುತ್ತವೆ. ಸುತ್ತಲಿನ ಎಲೆಗಳನ್ನೂ ಬಿಡಬೇಡಿ, ಯಾವುದೇ ಸೊಪ್ಪಿನ ಹಾಗೆ ಕೊನೆಯ ಒಂದು ನಿಮಿಷ ಬಾಣಲೆಗೆ ಹಾಕಿ. ನಾನು ಹೂ ಹೆಚ್ಚಿಟ್ಟು ಕಾಯುವ ಆ ಅರ್ಧ ಗಂಟೆಯಲ್ಲಿ ದಂಟಿನ ಬಿಲ್ಲೆಗಳಿಗೆ ಉಪ್ಪು, ನಿಂಬೆರಸ ಸವರಿ ಮೇಜಿನ ಮೇಲಿಡುತ್ತೇನೆ. ಅಡುಗೆಮನೆಗೆ ಬಂದು ಹೋಗುವವರು ಒಂದೊಂದೇ ತೆಗೆದುಕೊಳ್ಳುತ್ತಾರೆ.